ಬೇಲೂರಲ್ಲಿ ಒಂದು ರಾತ್ರಿ ಉಳಿದರೆ ಏನು ನೋಡೋದು?

ಪ್ರಶ್ನೆ: ನಾವು ಹಾಸನದಲ್ಲೇ ಇರುವವರು. ಶಾಲೆಯ ಪ್ರವಾಸದಿಂದ ಹಿಡಿದು ನೆಂಟರಿಷ್ಟರನ್ನು ಕರೆದುಕೊಂಡು ಹೋಗುವವರೆಗೆ ಬೇಲೂರಿಗೆ ಎಷ್ಟೋ ಸಲ ಹೋಗಿದ್ದೇವೆ. ಪ್ರತಿ ಸಲವೂ ಒಂದು ಗಂಟೆ, ಆಮೇಲೆ ಹಳೇಬೀಡು, ಆಮೇಲೆ ಮನೆ. ಈ ಡಿಸೆಂಬರ್ ಕೊನೆಯಲ್ಲಿ ಅಮ್ಮ ಮತ್ತು ಹತ್ತು ವರ್ಷದ ಮಗಳ ಜೊತೆ ಒಂದು ರಾತ್ರಿ ಅಲ್ಲೇ ಉಳಿದು, ದೇವಸ್ಥಾನವನ್ನೂ ಸುತ್ತಲಿನ ಹಳೇ ಬೀದಿಗಳನ್ನೂ ಹಗಲು ರಾತ್ರಿ ಎರಡೂ ಹೊತ್ತು ನೋಡಬೇಕು ಅಂತ ಆಸೆ. ಅಮ್ಮನಿಗೆ ಮೊಣಕಾಲು ನೋವಿದೆ. ನಲವತ್ತು ಕಿಲೋಮೀಟರ್ ದೂರದ ಊರಲ್ಲಿ ಯಾರಾದರೂ ರೂಮು ಮಾಡ್ತಾರಾ ಅಂತ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ರಾತ್ರಿ ಅಲ್ಲಿ ನೋಡೋಕೆ ಏನಾದರೂ ಇದೆಯಾ? ಹೇಗೆ ಹೊಂದಿಸಿಕೊಳ್ಳೋದು?

ಉತ್ತರ: ಖಂಡಿತ ಉಳಿಯಿರಿ. ಮನೆಯವರಿಗೆ ಧೈರ್ಯವಾಗಿ ಹೇಳಿ. ಹತ್ತಿರದ ಊರು ಅನ್ನೋ ಕಾರಣಕ್ಕೇ ನಮ್ಮ ಜಿಲ್ಲೆಯವರು ಬೇಲೂರನ್ನು ಸರಿಯಾಗಿ ನೋಡಿಲ್ಲ. ದೂರದಿಂದ ಬಂದವರಾದರೂ ಎರಡು ಗಂಟೆ ನಿಲ್ಲುತ್ತಾರೆ, ನಾವು ಹನ್ನೊಂದಕ್ಕೆ ಬಸ್ಸಿಳಿದು, ಹನ್ನೆರಡರ ಬಿಸಿಲಲ್ಲಿ ಪ್ರದಕ್ಷಿಣೆ ಹಾಕಿ, ದೇವರಿಗೆ ಕೈಮುಗಿದು ಹೊರಟುಬಿಡುತ್ತೇವೆ. ಆ ಗುಡಿಯನ್ನು ನೋಡೋಕೆ ಹನ್ನೆರಡು ಗಂಟೆಯಷ್ಟು ಕೆಟ್ಟ ಹೊತ್ತು ಇನ್ನೊಂದಿಲ್ಲ.

ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಬೇಲೂರಿನ ಚೆನ್ನಕೇಶವನ ಗುಡಿಯ ಹೊರಗೋಡೆ ಪೂರ್ತಿ ಕೆತ್ತನೆ. ಕೆತ್ತನೆ ಕಣ್ಣಿಗೆ ಕಾಣುವುದು ನೆರಳಿನಿಂದ. ಬಿಸಿಲು ಪಕ್ಕದಿಂದ, ಓರೆಯಾಗಿ ಬಿದ್ದರೆ ಒಂದೊಂದು ಬಳೆ, ಒಂದೊಂದು ಸರ, ಆನೆಯ ಕತ್ತಿನ ಗಂಟೆ ಎಲ್ಲವೂ ಎದ್ದು ನಿಲ್ಲುತ್ತದೆ. ನೆತ್ತಿಯ ಮೇಲಿನಿಂದ ಬಿದ್ದರೆ ಸೂರಿನ ಅಂಚು ದೊಡ್ಡ ಕಪ್ಪು ನೆರಳು ಚೆಲ್ಲಿ ಅದರ ಕೆಳಗಿನ ಮದನಿಕೆಯರನ್ನು, ಅಂದರೆ ಕಲ್ಲಿನ ಸುಂದರಿಯರನ್ನು, ಮುಚ್ಚಿಬಿಡುತ್ತದೆ. ಮದನಿಕೆಯರು ಇರುವುದೇ ಅಲ್ಲಿ ತಾನೇ, ಸೂರಿನ ಕೆಳಗೆ, ನಮ್ಮ ಕಡೆಗೆ ಬಾಗಿಕೊಂಡು. ಹೊರಗೆ 38, ಒಳಗೆ 4, ಒಟ್ಟು 42. ಬೆಳಗಿನ ಮತ್ತು ಸಂಜೆಯ ತಗ್ಗಿನ ಬಿಸಿಲು ಮಾತ್ರ ಆ ಸೂರಿನ ಅಡಿಗೆ ನುಗ್ಗಿ ಅವರ ಮುಖ ತಲುಪುತ್ತದೆ.

ನೀವು ಹೋಗುತ್ತಿರುವುದು ಡಿಸೆಂಬರ್ ಕೊನೆಗೆ. ಇದು ಒಳ್ಳೆಯದೇ ಆಯಿತು. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ಗುಡಿಯ ದಕ್ಷಿಣದ ಗೋಡೆಗೆ ಇಡೀ ದಿನ ಬಿಸಿಲು. ಮಧ್ಯಾಹ್ನ ಮೂರರ ನಂತರ ಆ ಗೋಡೆಯ ಮೇಲೆ ಪಡುವಣದಿಂದ ಓರೆ ಬೆಳಕು ಹರಿಯುತ್ತದೆ, ಜೊತೆಗೆ ಹಿಂಭಾಗದ ಗೋಡೆಯೂ ಬೆಳಗುತ್ತದೆ. ಉತ್ತರದ ಗೋಡೆಗೆ ಮಾತ್ರ ಆ ತಿಂಗಳಲ್ಲಿ ನೇರ ಬಿಸಿಲೇ ಇಲ್ಲ. ಬೇಸರ ಮಾಡಿಕೊಳ್ಳಬೇಡಿ, ಅದು ತಂಪಾದ ಸಮನಾದ ಬೆಳಕು, ಅಮ್ಮನ ಜೊತೆ ನಿಧಾನವಾಗಿ ನೋಡೋಕೆ ಅದೇ ಚೆನ್ನ. ಉತ್ತರದ ಗೋಡೆಯ ಮೇಲೆ ಬಿಸಿಲು ಬೀಳೋದನ್ನು ನೋಡಬೇಕು ಅಂದರೆ ಮೇ, ಜೂನ್‌ನಲ್ಲಿ ಬರಬೇಕು. ಅಷ್ಟರಲ್ಲಿ ಮಳೆ ಹಿಡಿದುಕೊಂಡರೆ ಅದೂ ಇಲ್ಲ.

ಹಾಗಾಗಿ ನನ್ನ ಸಲಹೆ ಎಲ್ಲರೂ ಮಾಡುವುದಕ್ಕೆ ತಿರುವುಮುರುವು. ಬೆಳಿಗ್ಗೆ ಹಾಸನದಿಂದ ಹೊರಡಲೇಬೇಡಿ. ಮನೆಯಲ್ಲೇ ಊಟ ಮಾಡಿ ಹೊರಟು ಮೂರು ಗಂಟೆಗೆ ಬೇಲೂರು ಸೇರಿ. ಸಂಜೆಯ ಬೆಳಕು, ರಾತ್ರಿಯ ಬೀದಿ, ಮಾರನೆಯ ದಿನ ಮುಂಜಾನೆ, ಈ ಮೂರೂ ಸಾಲಾಗಿ ಸಿಗುತ್ತವೆ. ಡಿಸೆಂಬರ್ ಶಾಲಾ ಪ್ರವಾಸದ ಕಾಲ, ಜೊತೆಗೆ ಅಯ್ಯಪ್ಪ ಸ್ವಾಮಿಗಳ ವಾಹನಗಳ ಕಾಲ. ಹತ್ತರಿಂದ ಮೂರರವರೆಗೆ ಅಂಗಳದಲ್ಲಿ ಮಕ್ಕಳ ಸಾಲು ಮುಗಿಯುವುದೇ ಇಲ್ಲ. ಮಕ್ಕಳು ಬರಲಿ, ಬರಲೇಬೇಕು. ನೀವು ಅವರು ಹೊರಡುವ ಹೊತ್ತಿಗೆ ಬನ್ನಿ ಅಷ್ಟೇ. ಇನ್ನೊಂದು ವಿಷಯ, ಮಧ್ಯಾಹ್ನ ಸ್ವಲ್ಪ ಹೊತ್ತು ಗರ್ಭಗುಡಿಯ ಬಾಗಿಲು ಹಾಕುತ್ತಾರೆ, ಆ ಹೊತ್ತಲ್ಲಿ ಬಂದವರು ಒಳಗೆ ಹೋಗೋಕಾಗದೆ ಹಾಗೇ ಕಾಯುತ್ತಿರುತ್ತಾರೆ.

ಮಹಾದ್ವಾರದ ಮುಂದೆ ಚಪ್ಪಲಿ ಬಿಡುವ ಮೊದಲು ಐದು ನಿಮಿಷ ತಲೆಯೆತ್ತಿ ಗೋಪುರ ನೋಡಿ. ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ, ಹೊಯ್ಸಳರದ್ದನ್ನು ನೋಡೋಕೆ ಬಂದವರಿಗೆ ಅದು ಸುಮ್ನೆ ಬಾಗಿಲು. ಆದರೆ ಈ ಊರಿನ ಕಥೆಯ ಅರ್ಧ ಅಲ್ಲೇ ಇದೆ. ಗುಡಿ ವಿಷ್ಣುವರ್ಧನನದ್ದು, ಪ್ರತಿಷ್ಠೆಯಾಗಿದ್ದು 1117ರಲ್ಲಿ, ತಲಕಾಡಿನಲ್ಲಿ ಚೋಳರ ಮೇಲೆ ಗೆದ್ದ ಮರುವರ್ಷ. ಗೋಪುರ ಹೊಯ್ಸಳರದ್ದೇ ಅಲ್ಲ. ಹಳೆಯ ಮಹಾದ್ವಾರ ದಾಳಿಯಲ್ಲಿ ಸುಟ್ಟುಹೋದ ಮೇಲೆ, ವಿಜಯನಗರದ ಇಮ್ಮಡಿ ಹರಿಹರನ ಕಾಲದಲ್ಲಿ, 1397ರಲ್ಲಿ, ಅವನ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ್ದು. ಅಂದರೆ ಕಟ್ಟಿಸಿದ ರಾಜವಂಶವೇ ಅಳಿದು ಹೋದ ಮೇಲೂ ಊರು ಗುಡಿಯನ್ನು ಬಿಡಲಿಲ್ಲ. ಆಮೇಲೆ ಬೇಲೂರಿನ ನಾಯಕರು ಬಂದರು, ಮೈಸೂರಿನ ಅರಸರು ಬಂದರು, ಎಲ್ಲರೂ ಏನಾದರೂ ಸೇರಿಸಿದರು, ಏನಾದರೂ ರಿಪೇರಿ ಮಾಡಿದರು. ಪೂಜೆಯಂತೂ ಇವತ್ತಿಗೂ ನಡೆಯುತ್ತಿದೆ. 2023ರ ಸೆಪ್ಟೆಂಬರ್ 18ರಂದು ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಈ ಊರಿನವರೇ. ಒಂಬೈನೂರು ವರ್ಷ ನೋಡಿಕೊಂಡವರು ಅವರು.

ಒಳಗೆ ಹೋದ ತಕ್ಷಣ ಗರ್ಭಗುಡಿಗೆ ಓಡಬೇಡಿ. ಅಂಗಳದ ಸುತ್ತ ಕಂಬಗಳ ಕೈಸಾಲೆ ಇದೆ. ಅಮ್ಮನನ್ನು ಅಲ್ಲಿ ಕೂರಿಸಿ. ದಕ್ಷಿಣದ ಕಡೆ ಕೂತರೆ ಎದುರಿಗೆ ಗುಡಿಯ ಬಿಸಿಲಿನ ಮೈ ಪೂರ್ತಿ ಕಾಣುತ್ತದೆ, ನಡುವೆ ಅದೇ ಅಂಗಳದ ಸಣ್ಣ ಗುಡಿ, ಕಪ್ಪೆ ಚೆನ್ನಿಗರಾಯನದ್ದು, ಅಡ್ಡ ಬರದ ಹಾಗೆ ಜಾಗ ಹಿಡಿಯಿರಿ. ಜಗತಿಯ, ಅಂದರೆ ಗುಡಿ ನಿಂತ ಕಲ್ಲಿನ ಕಟ್ಟೆಯ, ಮೆಟ್ಟಿಲು ಜಾಸ್ತಿ ಇಲ್ಲ, ಆದರೆ ಎತ್ತರವಿವೆ, ಮೊಣಕಾಲಿನವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಒಂದೇ ಸಲ ಹತ್ತಿಸಿ, ಮೇಲೆ ಒಂದು ಸುತ್ತು ಹಾಕಿಸಿ, ಒಳಗೆ ದರ್ಶನ ಮಾಡಿಸಿ, ಒಂದೇ ಸಲ ಇಳಿಸಿ. ಹತ್ತಿ ಇಳಿದು ಮಾಡಿಸಬೇಡಿ. ಕಾಲಿಗೆ ದಪ್ಪ ಕಾಲುಚೀಲ ಇರಲಿ, ಮಧ್ಯಾಹ್ನ ಕಲ್ಲು ಕಾಯುತ್ತದೆ, ಮುಂಜಾನೆ ಅದೇ ಕಲ್ಲು ಹಿಮದ ಹಾಗೆ ಕೊರೆಯುತ್ತದೆ.

ಮಗಳಿಗೆ ಒಂದು ಕೆಲಸ ಕೊಡಿ. ಹತ್ತು ವರ್ಷದವರಿಗೆ ಇಸವಿ ಹೇಳಿದರೆ ನಿಲ್ಲುವುದಿಲ್ಲ, ಹುಡುಕೋಕೆ ಹೇಳಿದರೆ ಕಣ್ಣು ಅರಳುತ್ತದೆ. ಒಬ್ಬ ಮದನಿಕೆಯ ಮೇಲಿನ ಬಳ್ಳಿಯಲ್ಲಿ ಒಂದು ಹಣ್ಣಿದೆ, ಹಣ್ಣಿನ ಮೇಲೆ ನೊಣ, ನೊಣವನ್ನು ಹಿಡಿಯೋಕೆ ಹೊಂಚು ಹಾಕಿದ ಹಲ್ಲಿ. ಎಲ್ಲಿದೆ ಅಂತ ನಾನು ಹೇಳುವುದಿಲ್ಲ, ಅವಳೇ ಹುಡುಕಲಿ. ಇನ್ನೊಬ್ಬಳ ಕೈಯಲ್ಲಿ ಗಿಳಿ, ಇನ್ನೊಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ. ಕನ್ನಡಿ ಹಿಡಿದವಳು ಎಲ್ಲರಿಗೂ ಗೊತ್ತು, ಅವಳ ಮುಂದೆ ಯಾವಾಗಲೂ ಜನ. ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು ನೋಡಲಿ, ಆರುನೂರಕ್ಕೂ ಹೆಚ್ಚು ಆನೆ. ಸೊಂಡಿಲು, ಕಾಲು, ಕಿವಿ ಒಂದೊಂದರದ್ದು ಒಂದೊಂದು ಥರ. ಹತ್ತು ಆನೆ ಆರಿಸಿಕೊಂಡು ಹೇಗೆ ಬೇರೆ ಬೇರೆ ಅಂತ ಪುಸ್ತಕದಲ್ಲಿ ಬರೆಯಲಿ, ಸಾಕು.

ಮದನಿಕೆಯರ ಪಾದದ ಕೆಳಗಿನ ಪೀಠದಲ್ಲಿ ಕೆಲವು ಕಡೆ ಹಳಗನ್ನಡದ ಅಕ್ಷರಗಳಿವೆ. ದಯವಿಟ್ಟು ಇದನ್ನು ತಪ್ಪಿಸಬೇಡಿ. ಅವು ಕೆತ್ತಿದವರ ಹೆಸರು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಚಿಕ್ಕಹಂಪ, ಮಲ್ಲಿಯಣ್ಣ, ನಾಗೋಜ, ಪದರಿ ಮಲ್ಲೋಜ. ಜಕಣಾಚಾರಿಯ ಕಥೆ ನಮಗೆಲ್ಲ ಬಾಯಿಪಾಠ. ಮಗ ಡಂಕಣ ವಿಗ್ರಹದ ದೋಷ ತೋರಿಸಿದ್ದು, ಕಲ್ಲಿನ ಒಳಗಿಂದ ಕಪ್ಪೆ ಹೊರಬಂದದ್ದು, ತಂದೆ ಕೈ ಕತ್ತರಿಸಿಕೊಂಡದ್ದು. ಕಥೆ ಮಗಳಿಗೆ ಹೇಳಿ, ಕಪ್ಪೆ ಚೆನ್ನಿಗರಾಯನ ಎದುರೇ ನಿಂತು ಹೇಳಿ, ಅದರ ರುಚಿಯೇ ಬೇರೆ. ಆದರೆ ಆ ಕಥೆಯ ಜೊತೆಗೆ ಈ ಹೆಸರುಗಳನ್ನೂ ಓದಿ ಹೇಳಿ. ಇವರು ನಿಜವಾಗಿ ಬದುಕಿದ್ದವರು, ಉಳಿ ಹಿಡಿದವರು, ತಮ್ಮ ಕೆಲಸದ ಮೇಲೆ ಹೆಸರು ಹಾಕುವಷ್ಟು ಹೆಮ್ಮೆ ಇದ್ದವರು. ಅಪ್ಪನೂ ಮಗನೂ ಒಂದೇ ಗುಡಿಯಲ್ಲಿ ಕೆಲಸ ಮಾಡಿ ಹೆಸರು ಬಿಟ್ಟು ಹೋಗಿದ್ದಾರೆ. ಗೈಡುಗಳಲ್ಲಿ ಕೆಲವರು ಇದನ್ನು ಚೆನ್ನಾಗಿ ತೋರಿಸುತ್ತಾರೆ, ಕೆಲವರು ಕಪ್ಪೆಯಲ್ಲೇ ಮುಗಿಸುತ್ತಾರೆ. ಗೈಡ್ ಬೇಕೆಂದರೆ ದುಡ್ಡು ಎಷ್ಟು ಅಂತ ಮೊದಲೇ ಮಾತಾಡಿ, "ನಮಗೆ ಶಿಲ್ಪಿಗಳ ಹೆಸರು ತೋರಿಸಬೇಕು" ಅಂತಲೂ ಮೊದಲೇ ಹೇಳಿ. ಕೇಳಿದವರಿಗೆ ಅವರು ಖುಷಿಯಿಂದ ತೋರಿಸುತ್ತಾರೆ.

ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲಾದೇವಿ ಕಟ್ಟಿಸಿದ್ದು, ದೊಡ್ಡ ಗುಡಿಯ ಕಾಲದ್ದೇ. ಹಿಂದೆ ವೀರನಾರಾಯಣ, ಸೌಮ್ಯನಾಯಕಿ, ಆಂಡಾಳ್ ಗುಡಿಗಳಿವೆ, ಒಂದು ಮೂಲೆಯಲ್ಲಿ ಕಲ್ಯಾಣಿ ಇದೆ. ಅಂಗಳದಲ್ಲಿ ನಿಂತ ಎತ್ತರದ ಕಂಬದ ಬುಡದಲ್ಲಿ ಕಾಗದ ತೂರಿಸಿ ತೋರಿಸುತ್ತಾರೆ, ತಳಪಾಯವಿಲ್ಲದೆ ತನ್ನ ಭಾರದ ಮೇಲೇ ನಿಂತ ಕಂಬ ಅದು. ನೋಡಿ, ಮುಂದೆ ನಡೆಯಿರಿ. ಮೇಲೆ ಶಿಖರ ಯಾಕಿಲ್ಲ ಅಂತ ಮಗಳು ಕೇಳಿದರೆ, ಇತ್ತು ಅಂತ ಹೇಳಿ. ಇಟ್ಟಿಗೆ, ಗಾರೆ, ಮರದ್ದು. ಅದರ ಭಾರದಿಂದ ಕೆಳಗಿನ ಕೆಲಸಕ್ಕೆ ಅಪಾಯ ಅಂತ 1879ರಲ್ಲಿ ತೆಗೆದರು.

ಒಳಗೆ ಹೋಗುವುದು ಸಂಜೆ ಹೊತ್ತು ಇಳಿಯುವಾಗ. ಗರ್ಭಗುಡಿಯ ಮುಂದಿನ ಈ ನವರಂಗ ಮೊದಲು ಇಷ್ಟು ಕತ್ತಲೆ ಇರಲಿಲ್ಲ. ವಿಷ್ಣುವರ್ಧನನ ಕಾಲದಲ್ಲಿ ಇದು ಸುತ್ತಲೂ ತೆರೆದ ಮಂಟಪ. ಕಂಬಗಳ ನಡುವೆ ಗಾಳಿ, ಬೆಳಕು ಸಲೀಸಾಗಿ ಬರುತ್ತಿತ್ತು. ಆಮೇಲೆ ಅವನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಆ ಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳನ್ನು, ಅಂದರೆ ರಂಧ್ರ ಕೊರೆದ ಕಲ್ಲಿನ ಪರದೆಗಳನ್ನು, ಕೂರಿಸಿದರು. ಪೂರ್ವದ ಬಾಗಿಲ ಪಕ್ಕದ ಜಾಲಂಧ್ರದಲ್ಲಿ ರಾಜನ ಆಸ್ಥಾನವೇ ಇದೆ. ರಾಜ, ರಾಣಿ, ಸುತ್ತ ಪರಿವಾರ. ಹೊರಗಿಂದ ನೋಡಿದರೆ ಅದು ಕೆತ್ತನೆ. ಒಳಗಿಂದ ನೋಡಿ, ರಂಧ್ರರಂಧ್ರದಲ್ಲೂ ಬೆಳಕು ಚುಕ್ಕಿಯಾಗಿ ನೆಲಕ್ಕೆ ಬೀಳುತ್ತಿರುತ್ತದೆ. ನೆಲವೋ, ಒಂಬೈನೂರು ವರ್ಷದ ಪಾದಗಳಿಗೆ ನುಣುಪಾಗಿದೆ. ಸಂಜೆ ಆ ಬೆಳಕು ಒಂದೊಂದಾಗಿ ಆರುತ್ತಾ ಬಂದ ಹಾಗೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ, ಆಗ ಕಂಬಗಳು ಕಾಣೋಕೆ ಶುರುವಾಗುತ್ತವೆ. ಮಧ್ಯಾಹ್ನ ಉರಿ ಬಿಸಿಲಿಂದ ಒಳಗೆ ಬಂದವರಿಗೆ ಹತ್ತು ನಿಮಿಷ ಏನೂ ಕಾಣುವುದಿಲ್ಲ, ಕಾಣುವ ಹೊತ್ತಿಗೆ ಅವರು ಹೊರಗೆ ಹೋಗಿರುತ್ತಾರೆ. ನೋಡಿ, ಇಂಥ ಸಣ್ಣ ವಿಷಯಕ್ಕೇ ನಾನು ಹೊತ್ತು ಹೊತ್ತು ಅಂತ ಬಡಿದುಕೊಳ್ಳುವುದು.

ಕಂಬಗಳು ಒಂದರ ಹಾಗೆ ಒಂದಿಲ್ಲ, ನಡುವಿನ ನಾಲ್ಕು ಬಿಟ್ಟು. ತಿರುಗಣಿಯಲ್ಲಿ ತಿರುಗಿಸಿ ಮಾಡಿದ ಹಾಗಿರುವ ಏಣು ಬಳೆಗಳನ್ನು ನೋಡಿ. ಈ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೇ ಇಷ್ಟು ಸೂಕ್ಷ್ಮ ಸಾಧ್ಯವಾಗಿದ್ದು. ನರಸಿಂಹ ಕಂಬ ಒಂದಿದೆ, ಒಂದು ಕಾಲದಲ್ಲಿ ತಿರುಗುತ್ತಿತ್ತು ಅನ್ನುತ್ತಾರೆ. ನಡುವಿನ ಚಾವಣಿಯನ್ನು ತಲೆಯೆತ್ತಿ ನೋಡಿ, ಕಮಲದ ಮೊಗ್ಗು ಕೆಳಗೆ ಇಳಿದು ಬಂದ ಹಾಗಿದೆ. ಆ ನಾಲ್ಕು ಮದನಿಕೆಯರು ಇರುವುದು ಈ ನಡುವಿನ ಕಂಬಗಳ ಮೇಲೇ. ಯಾವುದನ್ನೂ ಮುಟ್ಟಬೇಡಿ, ಮಗಳಿಗೂ ಹೇಳಿ. ಕೈಯ ಎಣ್ಣೆ ಬೆವರು ಕಲ್ಲಿಗೆ ಇಳಿಯುತ್ತದೆ. ದಕ್ಷಿಣದ ಬಾಗಿಲಿಗೆ ಶುಕ್ರವಾರದ ಬಾಗಿಲು, ಉತ್ತರದ್ದಕ್ಕೆ ಸ್ವರ್ಗದ ಬಾಗಿಲು ಅಂತ ಹೆಸರು. ಅಮ್ಮನಿಗೆ ಇದು ಇಷ್ಟವಾಗಬಹುದು.

ಡಿಸೆಂಬರಲ್ಲಿ ಆರರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಅದಕ್ಕೆ ಸ್ವಲ್ಪ ಮೊದಲು ಹೊರಗೆ ಬಂದು ಗೋಪುರದ ಮುಂದಿನ ಬೀದಿಯಲ್ಲಿ ಒಂದಷ್ಟು ದೂರ ನಡೆದು ಹಿಂದಕ್ಕೆ ತಿರುಗಿ. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಹಾಗಾಗಿ ಬೀದಿಯಲ್ಲಿ ನಿಂತವರಿಗೆ ಆಕಾಶದ ಕೆಂಪೆಲ್ಲ ಗೋಪುರದ ಹಿಂದೆ. ಅಂಗಡಿಗಳ ದೀಪ ಆಗ ತಾನೇ ಹತ್ತುತ್ತಿರುತ್ತದೆ. ಫೋಟೊ ತೆಗೆಯುವ ಆಸೆ ಇದ್ದರೆ ಆ ಕಾಲು ಗಂಟೆಗೆ ತೆಗೆಯಿರಿ, ಆಕಾಶದಲ್ಲಿ ಇನ್ನೂ ಬಣ್ಣ ಇರುವಾಗಲೇ. ಪೂರ್ತಿ ಕತ್ತಲಾದ ಮೇಲೆ ಮೊಬೈಲಿನಲ್ಲಿ ಬರೀ ದೀಪಗಳು ಬರುತ್ತವೆ. ಸಂಜೆ ಮತ್ತೆ ಒಳಗೆ ಹೋಗಿ ಮಂಗಳಾರತಿ ನೋಡಬಹುದು. ಆ ಹೊತ್ತಿಗೆ ಬರುವವರಲ್ಲಿ ಪ್ರವಾಸಿಗಳು ಕಮ್ಮಿ, ಊರವರೇ ಜಾಸ್ತಿ. ಅಂಗಡಿ ಮಧ್ಯೆ ಒಂದು ನಿಮಿಷ ಬಿಡುವು ಮಾಡಿಕೊಂಡು ಬಂದವರು, ಮೊಮ್ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ಅಜ್ಜಿಯರು, ಪರೀಕ್ಷೆಯ ಹುಡುಗರು. ಹಗಲು ನೋಡಿದ ಗುಡಿ ಇದೇನಾ ಅನ್ನಿಸುತ್ತದೆ. ಹಗಲು ಎಲ್ಲರೂ ಗೋಡೆ ನೋಡುತ್ತಾರೆ, ಸಂಜೆ ಎಲ್ಲರೂ ದೇವರನ್ನು ನೋಡುತ್ತಾರೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ರಾತ್ರಿ ಏನಿದೆ?

ಬಾಗಿಲು ಹಾಕಿದ ಮೇಲೆ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ನಡೆಯಿರಿ. ಪ್ರಾಕಾರದ ಗೋಡೆಯನ್ನು ಒಂದು ಕಡೆಗೆ ಇಟ್ಟುಕೊಂಡು ನಿಧಾನವಾಗಿ ಒಂದು ಸುತ್ತು. ಮಾಮೂಲಿ ಪ್ರವಾಸಿ ಇಲ್ಲಿಗೆ ಬರುವುದೇ ಇಲ್ಲ, ಅವನು ಗೋಪುರದ ಮುಂದೆ ಇಳಿದು ಅಲ್ಲೇ ಹತ್ತಿ ಹೋಗುತ್ತಾನೆ. ಈ ಬೀದಿಗಳಲ್ಲಿ ಜಗಲಿ ಇರುವ ಹೆಂಚಿನ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ನಡುನಡುವೆ ತಾರಸಿ ಮನೆಗಳು. ರಾತ್ರಿ ಎಂಟರ ಹೊತ್ತಿಗೆ ಕೆಲವು ಜಗಲಿಗಳ ಮೇಲೆ ಜನ ಕೂತಿರುತ್ತಾರೆ, ಚಳಿಗೆ ಶಾಲು ಹೊದ್ದು. ಒಳಗೆ ಟಿವಿ, ಒಗ್ಗರಣೆ ಸದ್ದು. ನೀವು ನಮಸ್ಕಾರ ಅಂದರೆ ಅವರು "ಯಾವ ಕಡೆಯವರು?" ಅಂತ ಕೇಳೇ ಕೇಳುತ್ತಾರೆ. ಹಾಸನ ಅಂದರೆ ಮಾತು ಅಲ್ಲಿಂದ ಹತ್ತುತ್ತದೆ. ನಿಮಗೆ ಗೊತ್ತಿರುವ ಯಾರೋ ಅವರಿಗೂ ಗೊತ್ತಿರುತ್ತಾರೆ. ಅಮ್ಮನನ್ನು ಕೂರಿ ಅನ್ನುತ್ತಾರೆ, ಕೂರಿಸಿ. ಆ ಜಗಲಿಯ ಮಾತಿನಲ್ಲಿ ಸಿಗುವ ಬೇಲೂರು ಯಾವ ಫಲಕದ ಮೇಲೂ ಬರೆದಿಲ್ಲ. ಅವರ ಅಜ್ಜನ ಕಾಲದಲ್ಲಿ ತೇರು ಹೇಗೆ ಎಳೆಯುತ್ತಿದ್ದರು, ಯಾರ ಮನೆಯದು ಯಾವ ಸೇವೆ, ಯಾವ ತಿರುವಿನಲ್ಲಿ ತೇರು ನಿಲ್ಲುತ್ತದೆ ಅಂತ ಅವರನ್ನೇ ಕೇಳಿ.

ತೇರಿನ ಮಾತು ಬಂತು. ಚೆನ್ನಕೇಶವನ ರಥೋತ್ಸವ ಚೈತ್ರದಲ್ಲಿ, ಮಾರ್ಚ್ ಏಪ್ರಿಲ್ ಹೊತ್ತಿಗೆ. ತೇರು ಹೊರಡುವ ಮೊದಲು ಕುರಾನ್ ಪಠಣ ನಡೆಯುವುದು ಬೇಲೂರಿನಲ್ಲಿ ತಲೆಮಾರುಗಳಿಂದ ಬಂದ ರೂಢಿ. ಜಾತ್ರೆಯ ರಾತ್ರಿಗಳಲ್ಲಿ ಈ ಬೀದಿಗಳು ಬೇರೆಯದೇ ಊರಾಗುತ್ತವೆ. ಅದೇ ದಿನಗಳಲ್ಲಿ ಬರುವುದಾದರೆ ಸಣ್ಣ ಮಗು, ಮೊಣಕಾಲು ನೋವಿನವರನ್ನು ಕರೆತರಬೇಡಿ, ನೂಕು ಜಾಸ್ತಿ. ನಿಮ್ಮ ಈ ಸಲದ ಭೇಟಿಗೆ ಅದರ ಚಿಂತೆ ಇಲ್ಲ, ಆದರೆ ಖಾಲಿ ಬೀದಿಯಲ್ಲಿ ನಡೆಯುವಾಗ ಇಷ್ಟು ಅಗಲ ಯಾಕೆ ಅಂತ ಮಗಳಿಗೆ ತೇರಿನ ಲೆಕ್ಕದಲ್ಲಿ ವಿವರಿಸಬಹುದು.

ಹಳೇ ಮನೆಗಳ ವಿಷಯ ಎತ್ತಿದೆನಲ್ಲ, ಒಂದು ಮಾತು ಹೇಳಲೇಬೇಕು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಗುಡಿಯ ಆಕಾಶ ಇವತ್ತೂ ತೆರೆದಿದೆ, ಸುತ್ತ ಐದು ಮಹಡಿ ಹೋಟೆಲು ಎದ್ದಿಲ್ಲ ಅಂದರೆ ಈ ನಿಯಮಕ್ಕೂ ಅದರಲ್ಲಿ ಪಾಲಿದೆ. ಇದರ ಭಾರ ಹೊರುವುದು ಮಾತ್ರ ಆ ಬೀದಿಯ ಮನೆಯವರು. ಮಗನಿಗೆ ಮದುವೆ ಆಯಿತು, ಮೇಲೆ ಒಂದು ರೂಮು ಹಾಕಬೇಕು ಅಂದರೂ ಕಾಗದಪತ್ರ ಹಿಡಿದು ಓಡಾಡಬೇಕು. ನಿಯಮ ಬೇಕು ಅಂತಲೇ ನನ್ನ ಅಭಿಪ್ರಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೇ ಮನೆಯನ್ನು ಹಳೇ ಥರವೇ ರಿಪೇರಿ ಮಾಡಿಸಿಕೊಳ್ಳುವವರಿಗೆ ಹೆಂಚಿಗೆ, ಮರಕ್ಕೆ, ಗಾರೆ ಕೆಲಸದವರಿಗೆ ಸರ್ಕಾರ ಕೈಹಿಡಿಯಬೇಕು. ಇಲ್ಲದಿದ್ದರೆ ಜಗಲಿ ಒಂದೊಂದಾಗಿ ಹೋಗುತ್ತದೆ, ಗುಡಿ ಒಂದೇ ಉಳಿಯುತ್ತದೆ. ಗುಡಿಯ ಜೊತೆ ಬದುಕಿದ ಬೀದಿ ಹೋದ ಮೇಲೆ ಅದು ಮ್ಯೂಸಿಯಂ ಆಗುತ್ತದೆ, ಊರಾಗಿ ಉಳಿಯುವುದಿಲ್ಲ.

ರಾತ್ರಿ ನಡೆಯುವಾಗ ಕೈಯಲ್ಲಿ ಸಣ್ಣ ಟಾರ್ಚ್ ಇರಲಿ, ಚರಂಡಿಯ ಚಪ್ಪಡಿ ಅಲ್ಲಲ್ಲಿ ಎದ್ದಿರುತ್ತದೆ, ಅಮ್ಮನ ಕಾಲು ನೋಡಿಕೊಳ್ಳಿ. ಮನೆಗಳ ಒಳಗೆ ಟಾರ್ಚ್ ಹಾಯಿಸಬೇಡಿ. ಜಗಲಿಯ, ರಂಗೋಲಿಯ ಫೋಟೊ ಬೇಕಿದ್ದರೆ ಮನೆಯವರನ್ನು ಕೇಳಿ ತೆಗೆಯಿರಿ. ಒಂಬತ್ತರ ಹೊತ್ತಿಗೆ ಬೀದಿ ತಣ್ಣಗಾಗುತ್ತದೆ, ಅಷ್ಟರಲ್ಲಿ ಮುಗಿಸಿ. ಇದು ಮಲೆನಾಡಿನ ಅಂಚು, ಡಿಸೆಂಬರ್ ರಾತ್ರಿ ಸ್ವೆಟರ್ ಇಲ್ಲದೆ ಆಗುವುದಿಲ್ಲ.

ಊಟಕ್ಕೆ ಜಾಸ್ತಿ ಯೋಚಿಸಬೇಡಿ. ಅದು ಅವರೆಕಾಯಿ ಕಾಲ. ಎಲ್ಲಿ ಅಕ್ಕಿ ರೊಟ್ಟಿ, ಅವರೆಕಾಳು ಸಾರು ಮಾಡುತ್ತಾರೆ ಅಂತ ಬೀದಿಯಲ್ಲೇ ಕೇಳಿ ಅಲ್ಲಿಗೆ ಹೋಗಿ.

ಬೇಗ ಮಲಗಿ. ಯಾಕೆಂದರೆ ನೀವು ಹೋಗುವ ದಿನಗಳು ಧನುರ್ಮಾಸ. ವಿಷ್ಣುವಿನ ಗುಡಿಗಳಲ್ಲಿ ಸೂರ್ಯ ಹುಟ್ಟುವ ಮೊದಲೇ ಪೂಜೆ ನಡೆಯುವ ತಿಂಗಳು. ಬೆಳಗಿನ ಪೂಜೆ ಎಷ್ಟು ಗಂಟೆಗೆ ಅಂತ ಹಿಂದಿನ ಸಂಜೆಯೇ ಅರ್ಚಕರನ್ನೋ ಕಚೇರಿಯನ್ನೋ ಕೇಳಿಟ್ಟುಕೊಳ್ಳಿ. ಅಮ್ಮನಿಗೆ ಬಹುಶಃ ಇಡೀ ಪ್ರವಾಸದಲ್ಲಿ ಇದೇ ಹೆಚ್ಚು ಇಷ್ಟವಾಗುವುದು. ಹೊರಗೆ ಇನ್ನೂ ಕತ್ತಲೆ, ಬಾಯಲ್ಲಿ ಹೊಗೆ ಬರುವ ಚಳಿ, ಬೀದಿಯಲ್ಲಿ ಹೆಂಗಸರು ಬಾಗಿಲಿಗೆ ನೀರು ಹಾಕುತ್ತಿರುತ್ತಾರೆ, ಹೂವಿನವರು ಆಗಲೇ ಬುಟ್ಟಿ ಇಳಿಸಿರುತ್ತಾರೆ. ಧನುರ್ಮಾಸದಲ್ಲಿ ಹುಗ್ಗಿಯ ನೈವೇದ್ಯ, ಪ್ರಸಾದ ಸಿಕ್ಕರೆ ಬಿಸಿಬಿಸಿ. ವೈಕುಂಠ ಏಕಾದಶಿ ಇದೇ ಆಸುಪಾಸಿನಲ್ಲಿ ಬರುತ್ತದೆ, ಕ್ಯಾಲೆಂಡರ್ ನೋಡಿಕೊಳ್ಳಿ. ಆ ದಿನ ಜನವೋ ಜನ. ಸುಮ್ನೆ ನೋಡೋಕೆ ಹೋಗುವವರು ಆ ಒಂದು ದಿನ ತಪ್ಪಿಸುವುದೇ ಒಳ್ಳೆಯದು.

ಆರೂವರೆ ದಾಟಿದ ಮೇಲೆ ಸೂರ್ಯ. ಮೊದಲ ಬಿಸಿಲು ಬೀಳುವುದು ಗೋಪುರದ ಹೊರಮೈಗೆ. ಗುಡಿಯ ಮುಂದಿನ ಅಂಗಳಕ್ಕೆ ಆಗಿನ್ನೂ ಗೋಪುರದ, ಗೋಡೆಯ ನೆರಳು. ಆತುರ ಬೇಡ, ಆ ಹೊತ್ತಿಗೆ ಒಂದು ಕಾಫಿ ಕುಡಿದು ಬನ್ನಿ. ಸೂರ್ಯ ಸ್ವಲ್ಪ ಮೇಲೆ ಬಂದ ಮೇಲೆ ಆಗ್ನೇಯದಿಂದ ಬಿಸಿಲು ಒಳಕ್ಕೆ ಬಂದು ಪೂರ್ವದ ಬಾಗಿಲಿನ ಎರಡೂ ಕಡೆ ತಟ್ಟುತ್ತದೆ. ಬಾಗಿಲ ಪಕ್ಕದ ಮನ್ಮಥ ರತಿ, ಹುಲಿಯನ್ನು ಹೊಡೆಯುವ ಸಳ, ಆ ಆಸ್ಥಾನದ ಜಾಲಂಧ್ರ ಎಲ್ಲ ಈ ಬೆಳಕಿನಲ್ಲಿ ನೋಡಬೇಕು. ನಿನ್ನೆ ಸಂಜೆ ನೋಡಿದ ದಕ್ಷಿಣದ ಗೋಡೆಯನ್ನೂ ಇನ್ನೊಮ್ಮೆ ನೋಡಿ. ಅದೇ ಮದನಿಕೆ, ಈಗ ನೆರಳು ಆ ಕಡೆಗೆ. ನಿನ್ನೆ ನಗುತ್ತಿದ್ದಾಳೆ ಅನ್ನಿಸಿದವಳು ಇವತ್ತು ಏನೋ ಯೋಚನೆಯಲ್ಲಿರುವ ಹಾಗೆ ಕಾಣುತ್ತಾಳೆ. ನಿಮ್ಮ ಮಗಳು ನನಗಿಂತ ಚೆನ್ನಾಗಿ ಇದನ್ನು ಗುರುತಿಸುತ್ತಾಳೆ, ಎರಡು ಹೊತ್ತಿನ ಫೋಟೊ ಅಕ್ಕಪಕ್ಕ ಇಟ್ಟು ತೋರಿಸಿ.

ಒಂಬತ್ತೂವರೆ ಹತ್ತಕ್ಕೆ ಬಸ್ಸುಗಳು ಬರತೊಡಗುತ್ತವೆ. ಆಗ ನೀವು ಹೊರಡಿ. ಬೆಳಗಿನ ಹೊತ್ತಲ್ಲಿ ಪೇಟೆಯ ಬೀದಿಯನ್ನು ಇನ್ನೊಂದು ಸಲ ಹಾಯ್ದು ಬನ್ನಿ, ರಾತ್ರಿ ನೋಡಿದ ಮನೆಗಳ ಮರದ ಕೆಲಸ, ಬಾಗಿಲ ಚೌಕಟ್ಟು ಹಗಲಿನಲ್ಲಿ ಕಾಣುತ್ತದೆ. ಕೆಲವರಾದರೂ ಗುರುತು ಹಿಡಿದು ಕಾಫಿ ಆಯ್ತಾ ಅನ್ನುತ್ತಾರೆ. ಊರಾಚೆ ವಿಷ್ಣುಸಮುದ್ರ ಕೆರೆ ಇದೆ, ಕಾರಿದ್ದರೆ ಒಂದು ಗಳಿಗೆ ಏರಿಯ ಮೇಲೆ ನಿಂತು ಹೋಗಿ. ಗುಡಿ, ಕೆರೆ, ಬೀದಿ ಎಲ್ಲವೂ ಸೇರಿಯೇ ಬೇಲೂರು.

ಹಳೇಬೀಡಿಗೆ ಅದೇ ದಿನ ಹೋಗಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಬರೀ ಹದಿನಾರು ಕಿಲೋಮೀಟರ್, ಹೋಗಬಹುದು. ಆದರೆ ಈ ಸಲ ಬೇಡ ಅಂತಲೇ ನಾನು ಹೇಳುವುದು. ಒಂದು ದಿನ ಪೂರ್ತಿ ಕೆತ್ತನೆ ನೋಡಿದ ಕಣ್ಣಿಗೆ ಹೊಯ್ಸಳೇಶ್ವರನ ಗೋಡೆ ಹಿಡಿಸುವುದಿಲ್ಲ, ಅದಕ್ಕೆ ಇನ್ನೊಂದು ದಿನ ಕೊಡಿ. ಅದರ ಬದಲು ವಾಪಸು ಬರುವ ದಾರಿಯಲ್ಲಿ ದೊಡ್ಡಗದ್ದವಳ್ಳಿಗೆ ತಿರುಗಿ. ಹಾಸನದವರಾಗಿ ಎಷ್ಟೋ ಜನ ಈ ಫಲಕ ನೋಡಿಕೊಂಡೇ ಓಡಾಡುತ್ತೇವೆ, ಒಳಗೆ ಹೋಗುವುದಿಲ್ಲ. ಅಲ್ಲಿನ ಲಕ್ಷ್ಮೀದೇವಿ ಗುಡಿ ಬೇಲೂರಿಗಿಂತ ಸ್ವಲ್ಪ ಹಿಂದಿನದು, 1113ರ ಸುಮಾರಿನದ್ದು. ರಾಜ ಕಟ್ಟಿಸಿದ್ದಲ್ಲ, ಕುಲ್ಲಹಣ ರಾಹುತ ಅನ್ನುವ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ನಾಲ್ಕು ಗರ್ಭಗುಡಿ, ಶಿಖರಗಳು ಇನ್ನೂ ಇವೆ, ಪಕ್ಕದಲ್ಲೇ ಕೆರೆ. ಬೇಲೂರಿನಷ್ಟು ಕೆತ್ತನೆ ಇಲ್ಲ, ಕಣ್ಣಿಗೆ ವಿಶ್ರಾಂತಿ ಸಿಗುತ್ತದೆ. ಬೇಲೂರಿಗೆ ಶಿಖರ ಇದ್ದಿದ್ದರೆ ಅಂತ ಮಗಳು ಕೇಳಿದ್ದ ಪ್ರಶ್ನೆಗೆ, ಹೊಯ್ಸಳರ ಕಾಲದ ಶಿಖರ ಹೇಗಿರುತ್ತಿತ್ತು ಅಂತ ಅಲ್ಲಿ ತೋರಿಸಬಹುದು.

ರೂಮು ಗೊತ್ತು ಮಾಡುವಾಗ ಒಂದೇ ಒಂದು ನೋಡಿ. ಹೈವೇ ಮೇಲೆ ದೊಡ್ಡ ಹೋಟೆಲು ಬೇಡ, ದೇವಸ್ಥಾನದ ರಸ್ತೆಯಲ್ಲಿ ನಡೆದು ಹೋಗುವಷ್ಟು ಹತ್ತಿರ, ನೆಲಮಹಡಿಯಲ್ಲಿ ಸಿಗುತ್ತದಾ ಕೇಳಿ. ಪ್ರವಾಸೋದ್ಯಮ ನಿಗಮದ ಮಯೂರ ವೇಲಾಪುರಿ ಆ ರಸ್ತೆಯಲ್ಲೇ ಇದೆ, ಬೇರೆ ಸಣ್ಣ ವಸತಿಗೃಹಗಳೂ ಇವೆ. ಡಿಸೆಂಬರ್ ಕೊನೆಯ ವಾರ ಬೇಗ ತುಂಬುತ್ತದೆ, ಈಗಲೇ ಫೋನ್ ಮಾಡಿಬಿಡಿ. ಅಮ್ಮನಿಗೆ ಮುಂಜಾನೆ ಪೂಜೆಗೆ ಕತ್ತಲಲ್ಲಿ ಹೋಗಬೇಕಲ್ಲ, ಐದು ನಿಮಿಷದ ದಾರಿಗಿಂತ ಜಾಸ್ತಿ ಆಗದಿರಲಿ.